ಮೋಟಾರ್ ಶಾಫ್ಟ್ 5, ಸ್ಕ್ರೂ 8: ಅಳತೆ ಹೊಂದದಿದ್ದಾಗ ಯಾವ ಜೋಡಣೆ ಹಾಕಬೇಕು?

ಮೋಟಾರಿನ ಶಾಫ್ಟ್ 5 ಮಿ.ಮೀ., ಅದು ತಿರುಗಿಸಬೇಕಾದ ಲೀಡ್ ಸ್ಕ್ರೂ (ತಿರುಗಿದಾಗ ಯಂತ್ರದ ಭಾಗವನ್ನು ಹಿಂದೆ ಮುಂದೆ ಸರಿಸುವ ಥ್ರೆಡ್ ಕಂಬಿ) 8 ಮಿ.ಮೀ. ಅಥವಾ ಮೋಟಾರ್ 19, ಕೈಯಲ್ಲಿರುವ ಪುಲ್ಲಿಯ ಬೋರ್ (ಶಾಫ್ಟ್ ಕೂರುವ ತೂತು) 24. ಎರಡು ಶಾಫ್ಟ್ ಸೇರಿಸುವ ಕಪ್ಲಿಂಗ್ ತರುವುದೋ, ನಡುವೆ ಬುಷ್ ಎಂಬ ಕೊಳವೆ ಹಾಕುವುದೋ, ಶಾಫ್ಟನ್ನೇ ಲೇತ್‌ಗೆ ಕೊಟ್ಟು ಸಣ್ಣದು ಮಾಡಿಸುವುದೋ, ಇಲ್ಲ ಬೆಲ್ಟ್ ಹಾಕಿಬಿಡುವುದೋ? ಈ ನಾಲ್ಕೂ ದಾರಿ ಸರಿಯೇ, ಆದರೆ ಒಂದೇ ಕೆಲಸಕ್ಕೆ ನಾಲ್ಕೂ ಸರಿಯಲ್ಲ.

ಆಯ್ಕೆಗೆ ಇಳಿಯುವ ಮುನ್ನ ಒಂದು ಮಾತು ಮನಸ್ಸಿನಲ್ಲಿರಲಿ. ವ್ಯಾಸದ ವ್ಯತ್ಯಾಸ ಕಣ್ಣಿಗೆ ಕಾಣುವ ತೊಂದರೆ, ಅದನ್ನು ನಿವಾರಿಸುವುದು ಸುಲಭ. ಜೋಡಣೆಗಳು ಮುರಿಯುವುದು, ಬೇರಿಂಗ್‌ಗಳು ಕೂಗುವುದು ಹೆಚ್ಚಾಗಿ ಎರಡು ಶಾಫ್ಟ್‌ಗಳ ಅಕ್ಷ ಒಂದೇ ಗೆರೆಯಲ್ಲಿ ಇಲ್ಲದ್ದರಿಂದ. ಆದ್ದರಿಂದ 5ರಿಂದ 8ಕ್ಕೆ ಹೋಗುವುದು ಹೇಗೆ ಎಂದು ಕೇಳುವುದಕ್ಕಿಂತ ಮೊದಲು ಕೇಳಬೇಕಾದ್ದು ಬೇರೆ ಇದೆ.

ಆಯ್ಕೆಗೆ ಮುನ್ನ ತಿಳಿದಿರಬೇಕಾದ ಸಂಗತಿಗಳು

ಎದುರಿನ ಭಾಗಕ್ಕೆ ತನ್ನದೇ ಬೇರಿಂಗ್ ಇದೆಯೇ? ಎಲ್ಲಕ್ಕಿಂತ ಮುಖ್ಯ ಪ್ರಶ್ನೆ ಇದು. ಫ್ಯಾನಿನ ರೆಕ್ಕೆ, ಚಿಕ್ಕ ಗಾಲಿ, ಪುಲ್ಲಿ ಇವುಗಳಿಗೆ ಸ್ವಂತ ಬೇರಿಂಗ್ ಇರುವುದಿಲ್ಲ, ಮೋಟಾರಿನ ಶಾಫ್ಟ್ ಮೇಲೆಯೇ ತೂಗುತ್ತವೆ. ಅಲ್ಲಿ ಅಲುಗದ, ಗಟ್ಟಿಯಾದ ಜೋಡಣೆಯೇ ಬೇಕು. ಪಂಪ್, ಲೀಡ್ ಸ್ಕ್ರೂ, ಗೇರ್‌ಬಾಕ್ಸ್ ಇವುಗಳ ಶಾಫ್ಟ್ ಎರಡು ಬೇರಿಂಗ್‌ಗಳ ಮೇಲೆ ಕೂತಿರುತ್ತದೆ. ಮೋಟಾರಿನೊಳಗೆ ಇನ್ನೆರಡು. ನಾಲ್ಕು ಬೇರಿಂಗ್‌ಗಳನ್ನು ಒಂದೇ ಗೆರೆಗೆ ತರುವುದು ಕೈಕೆಲಸದಲ್ಲಿ ಆಗುವ ಮಾತಲ್ಲ. ಅಲ್ಲಿ ಗಟ್ಟಿ ಜೋಡಣೆ ಹಾಕಿದರೆ ಶಾಫ್ಟ್ ಪ್ರತಿ ಸುತ್ತಿನಲ್ಲೂ ಬಾಗಿ ನೆಟ್ಟಗಾಗುತ್ತದೆ, ಆ ಬಲವನ್ನೆಲ್ಲ ಮೋಟಾರಿನ ಮುಂದಿನ ಬೇರಿಂಗ್ ತಿನ್ನುತ್ತದೆ. ಅಲ್ಲಿಗೆ ಬೇಕಾದ್ದು ಬಳುಕುವ ಕಪ್ಲಿಂಗ್.

ಎರಡನೆಯದು ಟಾರ್ಕ್, ಅಂದರೆ ತಿರುಚುವ ಬಲ. ಮೋಟಾರಿನ ಫಲಕದ ಮೇಲಿರುವ ಕಿಲೋವ್ಯಾಟ್ ಮತ್ತು ಆರ್‌ಪಿಎಂನಿಂದ ಅದನ್ನು ಲೆಕ್ಕ ಹಾಕಬಹುದು: 9550ನ್ನು ಕಿಲೋವ್ಯಾಟ್‌ನಿಂದ ಗುಣಿಸಿ ಆರ್‌ಪಿಎಂನಿಂದ ಭಾಗಿಸಿದರೆ ಉತ್ತರ ನ್ಯೂಟನ್ ಮೀಟರ್‌ನಲ್ಲಿ ಬರುತ್ತದೆ. 0.75 ಕಿಲೋವ್ಯಾಟ್, 1440 ಆರ್‌ಪಿಎಂ ಮೋಟಾರಿಗೆ ಸುಮಾರು 5 ನ್ಯೂಟನ್ ಮೀಟರ್. ಇದು ಸಮನಾಗಿ ಓಡುವಾಗಿನ ಲೆಕ್ಕ. ಇಂಡಕ್ಷನ್ ಮೋಟಾರ್ ನೇರವಾಗಿ ಸ್ಟಾರ್ಟ್ ಆಗುವಾಗ ಇದರ ಎರಡು ಮೂರು ಪಟ್ಟು ಬರಬಹುದು. ಕಂಪ್ರೆಸರ್, ಕ್ರಷರ್‌ನಂತಹ ಜೊಲ್ಟು, ಅಂದರೆ ಧಕ್ಕೆ, ಹೊಡೆಯುವ ಯಂತ್ರವಾದರೆ ಕಪ್ಲಿಂಗ್‌ನ ಸಾಮರ್ಥ್ಯ ಕನಿಷ್ಠ ಎರಡು ಪಟ್ಟು ಇರಲಿ.

ಟಾರ್ಕ್ ಅಷ್ಟೇ ಇದ್ದರೂ ಶಾಫ್ಟ್ ಸಣ್ಣದಾದಷ್ಟೂ ಹಿಡಿತ ಕಷ್ಟ. ನೆಮಾ 17 ಅಳತೆಯ ಸ್ಟೆಪ್ಪರ್ ಮೋಟಾರ್ (ಹಂತ ಹಂತವಾಗಿ ತಿರುಗುವ ಬಗೆ) 0.4 ನ್ಯೂಟನ್ ಮೀಟರ್ ಕೊಡುತ್ತದೆ ಎಂದುಕೊಳ್ಳಿ. 5 ಮಿ.ಮೀ. ಶಾಫ್ಟಿನ ಮೇಲ್ಮೈಯಲ್ಲಿ ಅದು 160 ನ್ಯೂಟನ್ ಬಲ, 8 ಮಿ.ಮೀ. ಕಡೆ ಬರೀ 100. ಜಾರುವುದು ಯಾವಾಗಲೂ ಸಣ್ಣ ಶಾಫ್ಟಿನ ಕಡೆಯೇ. ಗಮನವೂ ಆ ಕಡೆಗೇ ಇರಬೇಕು.

ಮೂರನೆಯದು ವೇಗ. ಕೇಂದ್ರದಿಂದ ತುಸು ಸರಿದು ಕೂತ ಕಪ್ಲಿಂಗ್ 200 ಆರ್‌ಪಿಎಂನಲ್ಲಿ ಏನೂ ಮಾಡದು. ವೇಗ ಹತ್ತು ಪಟ್ಟಾದರೆ ಅದು ಎಳೆಯುವ ಬಲ ನೂರು ಪಟ್ಟಾಗುತ್ತದೆ. 50 ಗ್ರಾಂ ತೂಕದ ಕಪ್ಲಿಂಗ್ 0.1 ಮಿ.ಮೀ. ಸರಿದು ಕೂತು 10,000 ಆರ್‌ಪಿಎಂನಲ್ಲಿ ಸುತ್ತಿದರೆ ಸುಮಾರು 5.5 ನ್ಯೂಟನ್ ಬಲ, ಅಂದರೆ ತನ್ನ ತೂಕದ ಹನ್ನೊಂದು ಪಟ್ಟು, ಪ್ರತಿ ಸುತ್ತಿಗೂ ಬೇರಿಂಗನ್ನು ಬಡಿಯುತ್ತದೆ.

ಇನ್ನುಳಿದವು: ದಿಕ್ಕು ಹಿಂದೆ ಮುಂದೆ ಬದಲಾಗುತ್ತದೆಯೇ, ಅಳತೆ ತಪ್ಪದೆ ನಿಲ್ಲಬೇಕೇ, ಮತ್ತೆ ಬಿಚ್ಚುವ ಅಗತ್ಯ ಬರುತ್ತದೆಯೇ, ಲೇತ್ ಕೆಲಸ ಮಾಡಿಸಲು ಅನುಕೂಲ ಇದೆಯೇ.

ಅಳತೆಯಲ್ಲೇ ಆಗುವ ತಪ್ಪು

ತಂದ ಕಪ್ಲಿಂಗ್ ಹೊಂದದಿರುವುದಕ್ಕೆ ಮುಖ್ಯ ಕಾರಣ ಇಂಚು ಮತ್ತು ಮಿಲಿಮೀಟರ್ ಕಲಸುವುದು. ನೆಮಾ 23 ಮೋಟಾರುಗಳಲ್ಲಿ 6.35 ಮಿ.ಮೀ. ಅಂದರೆ ಕಾಲು ಇಂಚಿನ ಶಾಫ್ಟೂ ಇದೆ, 8 ಮಿ.ಮೀ.ದೂ ಇದೆ. ಸ್ಕೇಲ್ ಇಟ್ಟು ನೋಡಿದರೆ 6.35 ಎಂಬುದು 6ರಂತೆಯೇ ಕಾಣುತ್ತದೆ. ಸಣ್ಣ ಮೋಟಾರುಗಳಲ್ಲಿ 3.175 ಮತ್ತು 3, ದೊಡ್ಡದರಲ್ಲಿ 12.7 ಮತ್ತು 12 ಇದೇ ಬಗೆಯ ಬಲೆ. 5/16 ಇಂಚು ಎಂದರೆ 7.94, ಅದು 8ರ ಬೋರಿನಲ್ಲಿ ಸಲೀಸಾಗಿ ಹೋಗಿಬಿಡುತ್ತದೆ, ಆದರೆ ಸಡಿಲವಾಗಿ.

ವರ್ನಿಯರ್‌ನಿಂದ ಮೂರು ಕಡೆ ಅಳೆಯಿರಿ: ತುದಿ, ನಡು, ಬುಡ. ಹಿಂದೆ ಗ್ರಬ್ ಸ್ಕ್ರೂ (ಶಾಫ್ಟನ್ನು ಒತ್ತಿ ಹಿಡಿಯುವ, ತಲೆಯಿಲ್ಲದ ಸಣ್ಣ ಸ್ಕ್ರೂ) ಕೂತಿದ್ದ ಜಾಗದಲ್ಲಿ ಲೋಹ ಉಬ್ಬಿದ್ದರೆ ಅಳತೆ ಹೆಚ್ಚು ತೋರಿಸುತ್ತದೆ. ನಯವಾದ ಅರದಿಂದ ಆ ಉಬ್ಬನ್ನು ತೆಗೆದು ಆಮೇಲೆ ಅಳೆಯಿರಿ. ಡಿ ಆಕಾರದ ಶಾಫ್ಟ್ ಆಗಿದ್ದರೆ ದುಂಡು ಭಾಗದ ವ್ಯಾಸ, ಚಪ್ಪಟೆ ಕಡೆಯ ಅಳತೆ ಎರಡೂ ಬೇಕು. 5 ಮಿ.ಮೀ. ಸ್ಟೆಪ್ಪರ್ ಶಾಫ್ಟ್‌ನಲ್ಲಿ ಚಪ್ಪಟೆ ಕಡೆ ಸಾಮಾನ್ಯವಾಗಿ 4.5 ಇರುತ್ತದೆ.

ಈ ಸೂಕ್ಷ್ಮ ಏಕೆ ಬೇಕು ಎಂಬುದಕ್ಕೆ ಒಂದು ಲೆಕ್ಕ. ಶಾಫ್ಟ್ 5.00, ಬೋರ್ 5.10. ಗ್ರಬ್ ಸ್ಕ್ರೂ ಬಿಗಿದಾಗ ಶಾಫ್ಟ್ ಎದುರು ಗೋಡೆಗೆ ಒತ್ತಿಕೊಳ್ಳುತ್ತದೆ, ಕೇಂದ್ರ 0.05 ಸರಿಯುತ್ತದೆ. ಡಯಲ್ ಗೇಜ್ ಇಟ್ಟು ಒಂದು ಸುತ್ತು ತಿರುಗಿಸಿದರೆ ಮುಳ್ಳು 0.10 ಓಡುತ್ತದೆ. ಅದೇ 6 ಮಿ.ಮೀ. ಶಾಫ್ಟನ್ನು 6.35ರ ಬೋರಿಗೆ ತುರುಕಿದರೆ ಓಟ 0.35. ಬರಿಗಣ್ಣಿಗೇ ಕಾಣುವಷ್ಟು. ಒಳ್ಳೆಯ ಕೆಲಸದಲ್ಲಿ ಶಾಫ್ಟ್ ಎಚ್6 (ಸಣ್ಣ h), ಬೋರ್ ಎಚ್7 (ದೊಡ್ಡ H) ಎಂಬ ಅಳತೆ ದರ್ಜೆಯಲ್ಲಿ ಇರುತ್ತವೆ. 8 ಮಿ.ಮೀ.ಗೆ ಅದರ ಅರ್ಥ, ಶಾಫ್ಟ್ ಹೆಚ್ಚೆಂದರೆ 0.009 ಕಡಿಮೆ, ಬೋರ್ ಹೆಚ್ಚೆಂದರೆ 0.015 ಜಾಸ್ತಿ.

ಎರಡು ಬೋರಿನ ಗಟ್ಟಿ ಕಪ್ಲಿಂಗ್

ಒಂದು ಕಡೆ 5, ಇನ್ನೊಂದು ಕಡೆ 8 ಬೋರ್ ಇರುವ ಒಂದೇ ತುಂಡಿನ ಕೊಳವೆ. ಖರ್ಚು ಕಡಿಮೆ, ಸಿಗುವುದು ಸುಲಭ. ಇದರಲ್ಲಿ ಎರಡು ಜಾತಿ. ಗ್ರಬ್ ಸ್ಕ್ರೂ ಜಾತಿಯಲ್ಲಿ ಸ್ಕ್ರೂ ಶಾಫ್ಟನ್ನು ಒಂದು ಬಿಂದುವಿನಲ್ಲಿ ಒತ್ತುತ್ತದೆ. ಕ್ಲ್ಯಾಂಪ್ ಜಾತಿಯಲ್ಲಿ ಬೋರಿಗೆ ಉದ್ದಕ್ಕೂ ಸೀಳು ಇದ್ದು, ಅಡ್ಡ ಸ್ಕ್ರೂ ಬಿಗಿದಾಗ ಶಾಫ್ಟನ್ನು ಸುತ್ತಲೂ ಅಪ್ಪಿಕೊಳ್ಳುತ್ತದೆ. ಆಯ್ಕೆ ಇದ್ದರೆ ಕ್ಲ್ಯಾಂಪ್ ಜಾತಿಯೇ ಮೇಲು: ಕೇಂದ್ರ ಸರಿಯುವುದಿಲ್ಲ, ಶಾಫ್ಟಿಗೆ ಗಾಯವಾಗುವುದಿಲ್ಲ, ಬಿಚ್ಚಲು ಸುತ್ತಿಗೆ ಬೇಕಿಲ್ಲ. ಆದರೆ ಅದು ಅಳತೆ ಸರಿಯಿದ್ದರೆ ಮಾತ್ರ ಹಿಡಿಯುತ್ತದೆ. ಬೋರ್ 0.1 ದೊಡ್ಡದಾಗಿದ್ದರೆ ಸ್ಕ್ರೂ ಬಿಗಿದರೂ ಹಿಡಿತ ಸಾಲದೆ ಶಾಫ್ಟ್ ಜಾರಬಹುದು.

ಗ್ರಬ್ ಸ್ಕ್ರೂ ಬಳಸಲೇಬೇಕಾದರೆ ಶಾಫ್ಟಿನ ಮೇಲೆ ಅರ್ಧ ಮಿಲಿಮೀಟರ್ ಆಳದ ಚಪ್ಪಟೆ ಜಾಗ ಅರದಿಂದ ಮಾಡಿ. ಅರ ಹಾಕುವಾಗ ಮೋಟಾರಿನ ಬಾಯಿಗೆ ಟೇಪ್ ಸುತ್ತಿ, ಶಾಫ್ಟ್ ಕೆಳಮುಖವಾಗಿರಲಿ. ಕಬ್ಬಿಣದ ಪುಡಿ ಒಳಗೆ ಹೋದರೆ ಅಯಸ್ಕಾಂತ ಅದನ್ನು ಬಿಟ್ಟುಕೊಡುವುದಿಲ್ಲ. ಎರಡು ಗ್ರಬ್ ಸ್ಕ್ರೂಗಳಿದ್ದರೆ ಅವು 90 ಡಿಗ್ರಿ ಅಂತರದಲ್ಲಿರುವುದು ಒಳ್ಳೆಯದು. ಎದುರುಬದುರಾಗಿದ್ದರೆ ಒಂದು ಬಿಗಿದಷ್ಟೂ ಇನ್ನೊಂದನ್ನು ಸಡಿಲಿಸುತ್ತದೆ. ಮೊದಲು ಚಪ್ಪಟೆ ಮೇಲಿನದನ್ನು, ಆಮೇಲೆ ಇನ್ನೊಂದನ್ನು ಬಿಗಿಯಿರಿ. ಎಂ3 ಗ್ರಬ್ ಸ್ಕ್ರೂಗೆ 1.5 ಆಲೆನ್ ಕೀ, ಎಂ4ಕ್ಕೆ 2, ಎಂ5ಕ್ಕೆ 2.5. ತುದಿ ಸವೆದ ಆಲೆನ್ ಕೀ ಹಾಕಿ ತಿರುಗಿಸಿದರೆ ಸ್ಕ್ರೂವಿನ ಆರು ಮೂಲೆಯ ಗುಳಿ ದುಂಡಾಗಿ, ಕೊನೆಗೆ ಡ್ರಿಲ್ ಹಾಕಿ ತೆಗೆಯುವ ಪರಿಸ್ಥಿತಿ ಬರುತ್ತದೆ. ನೀಲಿ ಬಣ್ಣದ, ಮಧ್ಯಮ ಬಲದ ಥ್ರೆಡ್‌ಲಾಕರ್ ಒಂದು ಹನಿ ಹಾಕಿ, ಪೂರ್ತಿ ಗಟ್ಟಿಯಾಗಲು 24 ಗಂಟೆ ಕೊಡಿ.

ಎಲ್ಲಿ ಬೇಡ ಎಂಬುದನ್ನು ಮೇಲೆ ಹೇಳಿದ್ದೇನೆ: ಎರಡೂ ಕಡೆ ಸ್ವಂತ ಬೇರಿಂಗ್ ಇದ್ದಲ್ಲಿ.

ಸ್ಪ್ರಿಂಗ್‌ನಂತೆ ಸೀಳಿದ ಅಲ್ಯೂಮಿನಿಯಂ ಕಪ್ಲಿಂಗ್

ಒಂದೇ ಅಲ್ಯೂಮಿನಿಯಂ ತುಂಡಿಗೆ ಸುರುಳಿಯಾಕಾರದ ಸೀಳು ಕೊಯ್ದಿರುತ್ತಾರೆ. 3ಡಿ ಪ್ರಿಂಟರ್‌ಗಳಲ್ಲಿ ಕಾಣುವ 19 ಮಿ.ಮೀ. ಅಗಲ, 25 ಮಿ.ಮೀ. ಉದ್ದದ, 5ರಿಂದ 8ಕ್ಕೆ ಹೋಗುವ ತುಂಡು ಇದೇ. ಬ್ಯಾಕ್‌ಲಾಶ್ (ದಿಕ್ಕು ಬದಲಾದಾಗ ಬರುವ ಸಡಿಲ ಆಟ) ಇಲ್ಲ, ಸಣ್ಣ ಬಾಗನ್ನು ತಡೆದುಕೊಳ್ಳುತ್ತದೆ, ತೂಕ ಕಡಿಮೆ. ಹಗುರ ಕೆಲಸಕ್ಕೆ, ಎನ್‌ಕೋಡರ್ (ಸುತ್ತು ಅಳೆಯುವ ಸಾಧನ) ಜೋಡಿಸಲು ಇದು ಸಾಕು.

ಕೆಡುವುದು ಎರಡು ಕಾರಣಕ್ಕೆ. ಬಾಗನ್ನು ಇದು ಸಹಿಸುತ್ತದೆ, ಆದರೆ ಅಕ್ಷಗಳು ಸಮಾನಾಂತರವಾಗಿ ಸರಿದಿದ್ದರೆ ಸಹನೆ ತೀರಾ ಕಡಿಮೆ. ಪ್ರತಿ ಸುತ್ತಿನಲ್ಲೂ ಸೀಳಿನ ಕೊನೆ ಬಾಗಿ ಬಾಗಿ ಅಲ್ಲೇ ಬಿರುಕು ಬಿಡುತ್ತದೆ. ಇನ್ನೊಂದು, ಇದು ನಿಜಕ್ಕೂ ಸ್ಪ್ರಿಂಗೇ. ಲಂಬವಾಗಿ ನಿಂತ ಸ್ಕ್ರೂ ಹೊತ್ತ ಭಾರವೆಲ್ಲ ಇದರ ಮೇಲೆ ಬಿದ್ದರೆ ಹಿಗ್ಗಿ ಕುಗ್ಗುತ್ತದೆ, ಅಳತೆ ಕೈಕೊಡುತ್ತದೆ. ಭಾರ ಹೊರಲು ಸ್ಕ್ರೂಗೆ ಬೇರೆಯೇ ಥ್ರಸ್ಟ್ ಬೇರಿಂಗ್ ಕೊಡಬೇಕು. ಕೂರಿಸುವಾಗ ಎರಡು ಶಾಫ್ಟ್‌ಗಳ ತುದಿ ಒಳಗೆ ಒಂದಕ್ಕೊಂದು ತಾಗದಂತೆ ಒಂದೆರಡು ಮಿಲಿಮೀಟರ್ ಬಿಡಿ, ಯಾವ ಶಾಫ್ಟೂ ಸೀಳಿನ ಭಾಗಕ್ಕೆ ನುಗ್ಗದಿರಲಿ. ನುಗ್ಗಿದರೆ ಬಳುಕುವ ಭಾಗ ಗಟ್ಟಿಯಾಗಿ, ದುಡ್ಡು ಕೊಟ್ಟು ತಂದ ಗುಣವೇ ಹೋಯಿತು.

ಜಾ ಕಪ್ಲಿಂಗ್

ಲವ್‌ಜಾಯ್ ಎಂದೇ ಬಹಳ ಮಂದಿ ಕರೆಯುವ ಬಗೆ ಇದು. ಹಲ್ಲುಗಳಿರುವ ಎರಡು ಲೋಹದ ಹಬ್ (ಶಾಫ್ಟ್ ಮೇಲೆ ಕೂರುವ ತುಂಡು), ನಡುವೆ ನಕ್ಷತ್ರದಂತಹ ರಬ್ಬರ್ ಅಥವಾ ಪಾಲಿಯುರೆಥೇನ್ ಸ್ಪೈಡರ್. ಅಳತೆ ಹೊಂದದ ಶಾಫ್ಟ್‌ಗಳಿಗೆ ಯೋಚಿಸದೆ ಒಂದನ್ನು ಆರಿಸಬೇಕಾದರೆ ಇದನ್ನೇ ಆರಿಸಿ. ಪ್ರತಿ ಹಬ್ಬಿನ ಬೋರ್ ಬೇರೆ ಬೇರೆಯಾಗಿ ಸಿಗುತ್ತದೆ. ಹೊರಗಿನ ಅಳತೆ ಒಂದೇ ಇದ್ದರೆ ಸಾಕು, ಒಂದು ಹಬ್ಬನ್ನು 14ಕ್ಕೂ ಇನ್ನೊಂದನ್ನು 19ಕ್ಕೂ ತರಿಸಿ ಸೇರಿಸಬಹುದು. ಬೋರ್ ಮಾಡದ, ಸಣ್ಣ ತೂತು ಮಾತ್ರ ಇರುವ ಹಬ್ಬುಗಳೂ ಇವೆ. ಅವನ್ನು ತಂದು ಬೇಕಾದ ಅಳತೆಗೆ ಬೋರ್ ಮಾಡಿಸಿ, ಕೀವೇ (ಕೀ ಎಂಬ ಉಕ್ಕಿನ ತುಂಡು ಕೂರುವ ತೋಡು) ಹಾಕಿಸಿಕೊಳ್ಳಬಹುದು. ವಿಚಿತ್ರ ಅಳತೆಯ ಶಾಫ್ಟ್ ಇರುವವರಿಗೆ ಇದಕ್ಕಿಂತ ಒಳ್ಳೆಯ ದಾರಿ ಇಲ್ಲ.

ಸುಮಾರು 1 ಡಿಗ್ರಿ ಬಾಗು, ಅಳತೆಗೆ ತಕ್ಕಂತೆ 0.2ರಿಂದ 0.4 ಮಿ.ಮೀ.ವರೆಗಿನ ಸರಿತ ಇದಕ್ಕೆ ಸಹ್ಯ. ಸ್ಟಾರ್ಟ್ ಆಗುವಾಗಿನ ಜೊಲ್ಟನ್ನು ಸ್ಪೈಡರ್ ನುಂಗುತ್ತದೆ. ಸ್ಪೈಡರ್ ಸವೆದು ಹೋದರೂ ಹಲ್ಲಿಗೆ ಹಲ್ಲು ತಾಗಿ ಯಂತ್ರ ಸ್ವಲ್ಪ ಹೊತ್ತು ಓಡುತ್ತದೆ, ಏಕಾಏಕಿ ಕೈಬಿಡುವುದಿಲ್ಲ.

ಕೊರತೆ ಎಂದರೆ ಸಾದಾ ಸ್ಪೈಡರ್‌ನಲ್ಲಿ ತುಸು ಬ್ಯಾಕ್‌ಲಾಶ್ ಇರುತ್ತದೆ. ದಿಕ್ಕು ಬದಲಾಗುವ, ಅಳತೆ ತಪ್ಪಬಾರದ ಸಿಎನ್‌ಸಿ (ಕಂಪ್ಯೂಟರ್ ನಡೆಸುವ ಯಂತ್ರ) ಕೆಲಸಕ್ಕೆ ಹಲ್ಲುಗಳ ನಡುವೆ ಒತ್ತಿ ಕೂರಿಸುವ, ಬ್ಯಾಕ್‌ಲಾಶ್ ಇಲ್ಲದ ಮಾದರಿಯನ್ನೇ ಕೇಳಿ. ಸ್ಪೈಡರ್‌ನ ಗಡಸುತನವನ್ನೂ ನೋಡಬೇಕು. 80 ಶೋರ್ ಎ ಮೆತ್ತಗೆ, ಕಂಪನ ನುಂಗುತ್ತದೆ. 98 ಗಟ್ಟಿ, ಟಾರ್ಕ್ ಹೆಚ್ಚು ಹೊರುತ್ತದೆ, ಆದರೆ ಅಕ್ಷ ಸರಿದಿದ್ದರೆ ಆ ಬಲವನ್ನು ಬೇರಿಂಗಿಗೆ ದಾಟಿಸುತ್ತದೆ. ಸಾಮಾನ್ಯ ಕೆಲಸಕ್ಕೆ ನಡುವಿನ 92. ಎರಡು ಹಬ್ಬುಗಳನ್ನು ಮುಖಕ್ಕೆ ಮುಖ ಒತ್ತಿ ಕೂರಿಸಬೇಡಿ. ಮೋಟಾರ್ ಬಿಸಿಯಾದಾಗ ಶಾಫ್ಟ್ ಉದ್ದವಾಗಲು ಜಾಗ ಬೇಕು.

ಓಲ್ಡ್‌ಹ್ಯಾಮ್, ಬೆಲ್ಲೋಸ್, ಯೂನಿವರ್ಸಲ್ ಜಾಯಿಂಟ್

ಅಕ್ಷಗಳು ಸಮಾನಾಂತರವಾಗಿಯೇ ಇವೆ, ಆದರೆ ಪಕ್ಕಕ್ಕೆ ಸರಿದಿವೆ ಎಂದಾದರೆ ಓಲ್ಡ್‌ಹ್ಯಾಮ್ ಉತ್ತಮ. ನಡುವಿನ ಪ್ಲಾಸ್ಟಿಕ್ ಬಿಲ್ಲೆ ಎರಡು ಹಬ್ಬುಗಳ ತೋಡಿನಲ್ಲಿ ಜಾರುತ್ತ ಸರಿತವನ್ನು ನುಂಗುತ್ತದೆ. ಬಾಗನ್ನು ಮಾತ್ರ ಅರ್ಧ ಡಿಗ್ರಿಗಿಂತ ಹೆಚ್ಚು ಕೇಳಬೇಡಿ. ಬಿಲ್ಲೆ ಸವೆಯುವ ವಸ್ತು, ಜೊತೆಗೊಂದು ತೆಗೆದಿಟ್ಟಿರಿ.

ಬೆಲ್ಲೋಸ್, ಅಂದರೆ ತೆಳು ಲೋಹದ ಮಡಿಕೆಗಳ ಕೊಳವೆ, ಸರ್ವೋ ಮೋಟಾರುಗಳಿಗೆ. ತಿರುಚಿದರೆ ಬಹಳ ಗಟ್ಟಿ, ಬಾಗಿಸಿದರೆ ಮೃದು. ಕೂರಿಸುವಾಗ ಕೈಯಲ್ಲಿ ಒಮ್ಮೆ ಜೋರಾಗಿ ಬಾಗಿಸಿದರೆ ತೆಳು ಮಡಿಕೆಗಳು ಹಾಳಾಗುತ್ತವೆ. ಖರ್ಚೂ ಹೆಚ್ಚು.

ಯೂನಿವರ್ಸಲ್ ಜಾಯಿಂಟ್ ದೊಡ್ಡ ಕೋನಕ್ಕೆ. ಒಂದೇ ಜಾಯಿಂಟ್ ಹಾಕಿದರೆ ಆಚೆ ಬದಿಯ ವೇಗ ಪ್ರತಿ ಸುತ್ತಿನಲ್ಲೂ ಎರಡು ಬಾರಿ ಏರಿ ಇಳಿಯುತ್ತದೆ, 10 ಡಿಗ್ರಿ ಕೋನಕ್ಕೆ ಸುಮಾರು ಒಂದೂವರೆ ಶೇಕಡ. ಎರಡು ಹಾಕಿ, ನಡುವಿನ ತುಂಡಿನ ಎರಡೂ ಫೋರ್ಕ್ ಒಂದೇ ಸಮತಲದಲ್ಲಿದ್ದು, ಎರಡು ಕೋನಗಳೂ ಸಮನಾಗಿದ್ದರೆ ಈ ಏರಿಳಿತ ಹೋಗುತ್ತದೆ.

ರಿಡ್ಯೂಸಿಂಗ್ ಬುಷ್

ಹೆಚ್ಚು ಗೊಂದಲ ಇರುವುದು ಇಲ್ಲಿ, ಅದಕ್ಕೇ ಸ್ವಲ್ಪ ಹೆಚ್ಚು ಹೊತ್ತು ನಿಲ್ಲೋಣ. ಪುಲ್ಲಿಯೋ ಹಬ್ಬೋ ಈಗಾಗಲೇ ಇದೆ, ಬೋರ್ ದೊಡ್ಡದಾಗಿದೆ. ನಡುವೆ ಒಂದು ಕೊಳವೆ ತುರುಕಿದರೆ ಆಯಿತಲ್ಲ ಎನಿಸುತ್ತದೆ. ಆಗುತ್ತದೆ, ಗೋಡೆ ದಪ್ಪವಿದ್ದರೆ.

5ರಿಂದ 8ಕ್ಕೆ ಗೋಡೆ 1.5 ಮಿ.ಮೀ. ಸುಲಭವಾಗಿ ಟರ್ನಿಂಗ್ ಮಾಡಬಹುದು. 5ರಿಂದ 6.35ಕ್ಕೆ 0.675, ಎಚ್ಚರದಿಂದ ಮಾಡಬೇಕು. 6ರಿಂದ 6.35ಕ್ಕೆ 0.175. ಇದನ್ನು ಟೂಲ್ ಮುಟ್ಟಿದೊಡನೆ ಗೋಡೆ ಬಾಗಿ ಹೋಗುತ್ತದೆ, ಆ ದಾರಿ ಹಿಡಿಯಬೇಡಿ. ಅಂಥಲ್ಲಿ 5 ಬೋರಿನ ಕಪ್ಲಿಂಗ್ ತಂದು 6ಕ್ಕೆ ದೊಡ್ಡದು ಮಾಡಿಸುವುದು ಸರಿ. ದೊಡ್ಡ ತೂತನ್ನು ತುಂಬುವುದಕ್ಕಿಂತ ಸಣ್ಣ ತೂತನ್ನು ಬೆಳೆಸುವುದು ಯಾವತ್ತೂ ಸುಲಭ, ನಿಖರ. ಡ್ರಿಲ್ ಬಿಟ್ ಒಂದನ್ನೇ ನಂಬಬೇಡಿ. ಅದು ಬಾಯಿ ಅಗಲ ಮಾಡುತ್ತದೆ, ಗೆರೆ ಬಿಟ್ಟು ಓಡುತ್ತದೆ. ಲೇತ್‌ನಲ್ಲಿ ಹಿಡಿದು, ಬೋರಿಂಗ್ ಟೂಲ್‌ನಲ್ಲಿ 5.8ರವರೆಗೆ ತಂದು, 6 ಎಚ್7 ರೀಮರ್ (ತೂತನ್ನು ಕೊನೆಯ ಅಳತೆಗೆ ತರುವ ಟೂಲ್) ಹಾಯಿಸಿದರೆ ಮುಗಿಯಿತು.

ಬುಷ್ ಮಾಡಿಸುವಾಗ ಒಂದು ನಿಯಮ ತಪ್ಪಬಾರದು: ಒಳಗಿನ ಬೋರ್, ಹೊರಗಿನ ಮೈ ಎರಡನ್ನೂ ಚಕ್‌ನಿಂದ (ಲೇತ್‌ನಲ್ಲಿ ತುಂಡನ್ನು ಹಿಡಿಯುವ ಭಾಗ) ಬಿಚ್ಚದೆ ಒಂದೇ ಹಿಡಿತದಲ್ಲಿ ಮುಗಿಸಬೇಕು, ಆಮೇಲೆ ಕತ್ತರಿಸಬೇಕು. ತಿರುಗಿಸಿ ಹಿಡಿದರೆ ಮೂರು ದವಡೆಯ ಚಕ್‌ನ ದೋಷವೆಲ್ಲ ಬುಷ್‌ನೊಳಗೆ ಬರುತ್ತದೆ. ಕ್ಲ್ಯಾಂಪ್ ಹಬ್ಬಿಗಾದರೆ ಬುಷ್‌ಗೆ ಉದ್ದಕ್ಕೂ ಒಂದು ಸೀಳು ಕೊಯ್ದು, ಆ ಸೀಳನ್ನು ಹಬ್ಬಿನ ಸೀಳಿನ ನೇರಕ್ಕೆ ಕೂರಿಸಿ. ಗ್ರಬ್ ಸ್ಕ್ರೂ ಹಬ್ಬಿಗಾದರೆ ಬುಷ್‌ನಲ್ಲಿ ಸ್ಕ್ರೂ ಹಾಯುವಷ್ಟು ತೂತು ಬೇಕು. ಸ್ಕ್ರೂ ಬುಷ್‌ನ ಮೇಲಲ್ಲ, ನೇರವಾಗಿ ಶಾಫ್ಟಿನ ಮೇಲೆ ಕೂರಬೇಕು. ಸಣ್ಣದಕ್ಕೆ ಹಿತ್ತಾಳೆ ಅಥವಾ ಅಲ್ಯೂಮಿನಿಯಂ, ಕೀ ಇರುವಲ್ಲಿ ಉಕ್ಕು.

ಕೀ ಇರುವ ಶಾಫ್ಟ್‌ನಲ್ಲಿ ಏನಾಗುತ್ತದೆ ನೋಡಿ. 0.75 ಕಿಲೋವ್ಯಾಟ್‌ನ ನಾಲ್ಕು ಪೋಲ್ ಮೋಟಾರ್ 80 ಫ್ರೇಮ್, ಶಾಫ್ಟ್ 19, ಕೀ 6×6. ಕೀ ಶಾಫ್ಟ್‌ನೊಳಗೆ 3.5 ಇಳಿದು, ಹೊರಗೆ 2.5 ಎದ್ದಿರುತ್ತದೆ. ಪುಲ್ಲಿ ಬೋರ್ 24 ಆದರೆ ಬುಷ್ ಗೋಡೆಯೂ 2.5. ಅಂದರೆ ಕೀಯ ತಲೆ ಬುಷ್‌ನ ಹೊರಮೈಗೆ ಸಮನಾಗಿ ನಿಂತುಬಿಡುತ್ತದೆ, ಪುಲ್ಲಿಯ ಕೀವೇಯೊಳಗೆ ಹೋಗುವುದೇ ಇಲ್ಲ. ಪುಲ್ಲಿ ಬುಷ್‌ನ ಮೇಲೆ ಸುಮ್ಮನೆ ಜಾರುತ್ತದೆ. ಜೊತೆಗೆ 24ರ ಪುಲ್ಲಿಯ ಕೀವೇ 8 ಅಗಲ, 6 ಅಲ್ಲ. ಇದಕ್ಕೆ ಸ್ಟೆಪ್ ಕೀ ಮಾಡಿಸಬೇಕು: ಕೆಳಗಿನ 6 ಮಿ.ಮೀ. ಎತ್ತರದವರೆಗೆ 6 ಅಗಲ, ಅದರ ಮೇಲಿನ 3 ಮಿ.ಮೀ. 8 ಅಗಲ. ಪುಲ್ಲಿಯ ಕೀವೇ ಆಳ 3.3 ಇರುವುದರಿಂದ ಮೇಲೆ 0.3 ಸಂದು ಉಳಿಯುತ್ತದೆ, ಅದು ಬೇಕಾದದ್ದೇ. ಬುಷ್‌ಗೆ ಕೀ ಹಾಯುವ ತೋಡು ಒಂದು ತುದಿಯಿಂದ ಇನ್ನೊಂದು ತುದಿಗೆ ಕೊಯ್ದಾಗ ಅದು ಸಿ ಆಕಾರ ತಾಳುತ್ತದೆ, ಹೆದರಬೇಕಿಲ್ಲ. ಟಾರ್ಕ್ ಹೊರುವುದು ಕೀ, ಬುಷ್ ಕೇಂದ್ರ ಹಿಡಿಯುತ್ತದೆ ಅಷ್ಟೇ.

ಬೋರ್ 0.2 ಮಾತ್ರ ದೊಡ್ಡದಿದ್ದು ಇವತ್ತೇ ಯಂತ್ರ ಓಡಬೇಕಾದರೆ, ತಂಪು ಪಾನೀಯದ ಅಲ್ಯೂಮಿನಿಯಂ ಡಬ್ಬಿಯ ತಗಡು ಸುಮಾರು 0.1 ದಪ್ಪ ಇರುತ್ತದೆ. ಒಂದೇ ಸುತ್ತು, ಅಂಚಿನ ಮೇಲೆ ಅಂಚು ಬರದಂತೆ ಕತ್ತರಿಸಿ ಸುತ್ತಿದರೆ ವ್ಯಾಸ 0.2 ಏರುತ್ತದೆ. ತಾತ್ಕಾಲಿಕ ಉಪಾಯ, ಕಡಿಮೆ ವೇಗಕ್ಕೆ ಮಾತ್ರ.

ಟೇಪರ್ ಲಾಕ್ ಬುಷ್

14 ಮಿ.ಮೀ.ಗಿಂತ ದೊಡ್ಡ ಶಾಫ್ಟ್, ವಿ ಬೆಲ್ಟ್ ಪುಲ್ಲಿ, ಚೈನ್ ಸ್ಪ್ರಾಕೆಟ್ ಇರುವಲ್ಲಿ ಬುಷ್ ಮಾಡಿಸುವ ಬದಲು ಇದನ್ನು ಯೋಚಿಸಿ. ಪುಲ್ಲಿಯಲ್ಲಿ ಇಳಿಜಾರು ಬೋರ್, ಅದರಲ್ಲಿ ಸೀಳಿರುವ ಇಳಿಜಾರು ಬುಷ್. ಬುಷ್ ಬದಲಿಸಿದರೆ ಅದೇ ಪುಲ್ಲಿ 19ಕ್ಕೂ ಆಗುತ್ತದೆ, 24ಕ್ಕೂ ಆಗುತ್ತದೆ, 28ಕ್ಕೂ ಆಗುತ್ತದೆ. ಹೆಸರಿನಲ್ಲೇ ಅಳತೆ ಇದೆ: 1610 ಎಂದರೆ ಗರಿಷ್ಠ ಬೋರ್ 1.6 ಇಂಚು, ಉದ್ದ 1.0 ಇಂಚು. ಮೋಟಾರ್ ಬದಲಾಗುತ್ತಿರುವ ಕಡೆ ಮೊದಲ ಖರ್ಚು ಹೆಚ್ಚಾದರೂ ಎರಡನೇ ಮೋಟಾರ್ ಬಂದಾಗ ಉಳಿತಾಯ ಗೊತ್ತಾಗುತ್ತದೆ.

ಬಿಚ್ಚುವ ಬಗೆ ತಿಳಿಯದೆ ಪುಲ್ಲಿ ಒಡೆದವರಿದ್ದಾರೆ. ಬಿಗಿಯುವ ಸ್ಕ್ರೂಗಳನ್ನು ತೆಗೆದು, ಖಾಲಿ ಉಳಿದ ತೂತಿಗೆ ಅದೇ ಸ್ಕ್ರೂ ಹಾಕಿ ಬಿಗಿಯಬೇಕು. ಬುಷ್ ತಾನಾಗಿ ಕಳಚಿಕೊಳ್ಳುತ್ತದೆ. ಇಳಿಜಾರು ಮೈಗೆ ಗ್ರೀಸ್ ಹಚ್ಚಬೇಡಿ. ಜಾರಿ ಮಿತಿ ಮೀರಿ ಒಳಗೆಳೆದುಕೊಂಡರೆ ಪುಲ್ಲಿಯ ಹಬ್ಬು ಸೀಳುತ್ತದೆ.

ಶಾಫ್ಟನ್ನೇ ಸಣ್ಣದು ಮಾಡುವುದು

8ರ ಲೀಡ್ ಸ್ಕ್ರೂ ತುದಿಯನ್ನು 5ಕ್ಕೆ ಇಳಿಸಿ, ಎರಡೂ ಕಡೆ 5ರ ಕಪ್ಲಿಂಗ್ ಹಾಕುವುದು ಒಳ್ಳೆಯ ಕೆಲಸವೇ. ಮೋಟಾರಿನ ಶಾಫ್ಟನ್ನು ಇಳಿಸುವುದು ಮಾತ್ರ ಕೊನೆಯ ದಾರಿಯಾಗಿರಲಿ. ತಿರುಚುವ ಬಲವನ್ನು ಹೊರುವ ಶಕ್ತಿ ವ್ಯಾಸದ ಘನಕ್ಕೆ ತಕ್ಕಂತೆ ಇಳಿಯುತ್ತದೆ: 8ನ್ನು 6 ಮಾಡಿದರೆ ಉಳಿಯುವುದು ಶೇಕಡ 42. ಹಂತ ಬದಲಾಗುವ ಮೂಲೆ ಚೂಪಾಗಿದ್ದರೆ ಬಿರುಕು ಅಲ್ಲೇ ಹುಟ್ಟುತ್ತದೆ, ಅಲ್ಲಿ ಸಣ್ಣ ದುಂಡು ಮೂಲೆ ಬಿಡಿಸಬೇಕು. ಟರ್ನಿಂಗ್ ಮಾಡುವಾಗ ಚೂರುಗಳು ಬೇರಿಂಗ್ ಸೇರುವ ಅಪಾಯ ಬೇರೆ. ರೋಟರ್ ಹೊರತೆಗೆದು ಮಾಡುವುದಾದರೆ ಮಾತ್ರ ಒಪ್ಪಿಕೊಳ್ಳಿ.

ಅಂಟಿಸುವುದು

ಲೋಹಕ್ಕೆ ಲೋಹ ಹಿಡಿಸುವ ರಿಟೈನಿಂಗ್ ಕಾಂಪೌಂಡ್‌ಗಳಿವೆ. ಗಾಳಿ ಇಲ್ಲದ, ಲೋಹ ತಾಗುವ ಕಿರಿದಾದ ಸಂದಿನಲ್ಲಿ ಅವು ಗಟ್ಟಿಯಾಗುತ್ತವೆ. ಪ್ಲಾಸ್ಟಿಕ್ ಗಾಲಿಗೆ ಇವು ಹಿಡಿಯುವುದಿಲ್ಲ. ಬುಷ್ ಮತ್ತು ಶಾಫ್ಟ್ ನಡುವೆ 0.05ರಿಂದ 0.1 ಸಂದು ಇದ್ದರೆ ಬಹಳ ಚೆನ್ನಾಗಿ ಕೂರುತ್ತವೆ. ಎರಡೂ ಮೈಯನ್ನು ಅಸಿಟೋನ್‌ನಿಂದ ಒರೆಸಿ, ಹಚ್ಚಿ, ತಿರುಗಿಸುತ್ತ ಒಳಗೆ ತಳ್ಳಿ. ಶಾಫ್ಟ್ ತುದಿ ಕೆಳಗಿರಲಿ. ಮೇಲಿದ್ದರೆ ದ್ರವ ಶಾಫ್ಟ್ ಗುಂಟ ಇಳಿದು ಮೋಟಾರಿನ ಬೇರಿಂಗನ್ನೇ ಅಂಟಿಸಿಬಿಡುತ್ತದೆ. ಬಲವಾದ ಬಗೆಗಳನ್ನು ಬಿಡಿಸಲು 250 ಡಿಗ್ರಿ ಸೆಲ್ಸಿಯಸ್‌ನಷ್ಟು ಶಾಖ ಬೇಕು. ಸಾಮಾನ್ಯ ದರ್ಜೆಯ ನಿಯೋಡಿಮಿಯಂ ಅಯಸ್ಕಾಂತಕ್ಕೆ 80 ಡಿಗ್ರಿಯೇ ಮಿತಿ. ಹಾಗಾಗಿ ಇನ್ನೆಂದೂ ಬಿಚ್ಚದ ಜಾಗಕ್ಕೆ ಮಾತ್ರ ಇದು. ಸೂಪರ್ ಗ್ಲೂ ಬೇಡ, ಅದು ಬಿರುಸು, ಮೊದಲ ಜೊಲ್ಟಿಗೇ ಬಿಡುತ್ತದೆ.

ರಬ್ಬರ್ ಕೊಳವೆ, ಪ್ರಿಂಟ್ ಮಾಡಿದ ಹಬ್

2 ಮಿ.ಮೀ. ಶಾಫ್ಟಿನ ಆಟಿಕೆ ಮೋಟಾರ್, ಪುಟ್ಟ ಪಂಪ್, ಮಾದರಿ ದೋಣಿ ಇಂಥವಕ್ಕೆ ಸಿಲಿಕೋನ್ ಕೊಳವೆ ಸಾಕು. ಎರಡು ಕಡೆಯೂ ತಂತಿ ಬಿಗಿದು, ಶಾಫ್ಟ್ ತುದಿಗಳ ನಡುವೆ ಅಂತರ ಆದಷ್ಟು ಕಡಿಮೆ ಇಡಿ. ಅಂತರ ಹೆಚ್ಚಾದರೆ ವೇಗದಲ್ಲಿ ಕೊಳವೆ ಹಗ್ಗದಂತೆ ಬೀಸುತ್ತದೆ.

3ಡಿ ಪ್ರಿಂಟ್ ಮಾಡಿದ ಹಬ್ ಯಾವ ಅಳತೆಗೂ ಆಗುತ್ತದೆ, ಅದೇ ಅದರ ಹಿರಿಮೆ. ಪಿಎಲ್‌ಎ 60 ಡಿಗ್ರಿ ಸುಮಾರಿಗೆ ಮೆತ್ತಗಾಗುತ್ತದೆ. ದುಡಿಯುವ ಸ್ಟೆಪ್ಪರ್ ಮೋಟಾರಿನ ಶಾಫ್ಟ್ ಅಷ್ಟು ಬಿಸಿಯಾಗುವುದು ಅಪರೂಪವಲ್ಲ. ಪ್ಲಾಸ್ಟಿಕ್‌ಗೆ ನೇರವಾಗಿ ಥ್ರೆಡ್ ಮಾಡದೆ, ನಟ್ ಕೂರುವ ಗೂಡು ಬಿಟ್ಟು ಪ್ರಿಂಟ್ ಮಾಡಿ.

ಬೆಲ್ಟ್, ಇಲ್ಲವೇ ನಡುವೆ ಇನ್ನೊಂದು ಶಾಫ್ಟ್

ಬೆಲ್ಟ್ ಹಾಕಿದರೆ ವ್ಯಾಸದ ಪ್ರಶ್ನೆಯೇ ಇಲ್ಲ: ಈ ಪುಲ್ಲಿ 5 ಬೋರ್, ಆ ಪುಲ್ಲಿ 8 ಬೋರ್. ವೇಗದ ಅನುಪಾತವನ್ನೂ ಬದಲಿಸಿಕೊಳ್ಳಬಹುದು. ತೆರಬೇಕಾದ ಬೆಲೆ ಎಂದರೆ ಬೆಲ್ಟ್ ಶಾಫ್ಟನ್ನು ಪಕ್ಕಕ್ಕೆ ಎಳೆಯುತ್ತದೆ. ನೆಮಾ 17 ಮೋಟಾರುಗಳಿಗೆ ಸಾಮಾನ್ಯವಾಗಿ ಕೊಡುವ ಮಿತಿ, ಮುಖದಿಂದ 20 ಮಿ.ಮೀ. ದೂರದಲ್ಲಿ 28 ನ್ಯೂಟನ್, ಅಂದರೆ ಮೂರು ಕಿಲೋಕ್ಕೂ ಕಡಿಮೆ. ಪುಲ್ಲಿಯನ್ನು ಮೋಟಾರಿನ ಮುಖಕ್ಕೆ ಹತ್ತಿರ ಕೂರಿಸಿ, ಬೆಲ್ಟನ್ನು ತಂತಿಯಂತೆ ಬಿಗಿಯಬೇಡಿ.

ಭಾರ ಹೊರುವ ಗಾಲಿ, ಗರಗಸದ ಅಲಗು, ಉಜ್ಜುವ ಕಲ್ಲು ಇವನ್ನು 5 ಮಿ.ಮೀ. ಮೋಟಾರ್ ಶಾಫ್ಟಿಗೆ ಅಡಾಪ್ಟರ್ ಹಾಕಿ ತೂಗುಬಿಡುವುದು ಅಪಾಯ. ಗ್ರಬ್ ಸ್ಕ್ರೂ ಒಂದರ ಹಿಡಿತದಲ್ಲಿ ಸುತ್ತುವ ಅಲಗು ಕಳಚಿದರೆ ಮೈಮೇಲೆ ಬರುತ್ತದೆ. ಎರಡು 608 ಬೇರಿಂಗ್‌ಗಳಲ್ಲಿ ಒಂದು 8 ಮಿ.ಮೀ. ಶಾಫ್ಟ್ ಕೂರಿಸಿದರೆ ಚಿಕ್ಕ ಗಾಲಿಗೆ ಸಾಕು, ಅಲಗಿಗಾದರೆ ಅದಕ್ಕೆಂದೇ ಮಾಡಿದ ಸ್ಪಿಂಡಲ್ ತನ್ನಿ. ಮೋಟಾರನ್ನು ಅದಕ್ಕೆ ಜಾ ಕಪ್ಲಿಂಗ್‌ನಿಂದಲೋ ಬೆಲ್ಟಿನಿಂದಲೋ ಸೇರಿಸಿ. ಕೆಲಸ ಹೆಚ್ಚು, ಆದರೆ ಮೋಟಾರ್ ತಿರುಗಿಸುವ ಕೆಲಸವನ್ನಷ್ಟೇ ಮಾಡುತ್ತದೆ.

ಯಾರಿಗೆ ಯಾವುದು

ನೆಮಾ 17ರಿಂದ 8ರ ಲೀಡ್ ಸ್ಕ್ರೂಗೆ, ಪ್ರಿಂಟರ್ ಆದರೆ ಸೀಳಿನ ಕಪ್ಲಿಂಗ್. ಕೊರೆಯುವ ಯಂತ್ರವಾದರೆ ಬ್ಯಾಕ್‌ಲಾಶ್ ಇಲ್ಲದ, ಕ್ಲ್ಯಾಂಪ್ ಹಿಡಿತದ ಜಾ ಕಪ್ಲಿಂಗ್. ಪಂಪ್, ಗೇರ್‌ಬಾಕ್ಸ್‌ಗೆ ಸಾದಾ ಜಾ ಕಪ್ಲಿಂಗ್, ಬೋರ್ ಮಾಡಿಸಿ ಕೀವೇ ಹಾಕಿಸಿ. ಫ್ಯಾನ್ ರೆಕ್ಕೆಗೆ ಬುಷ್ ಅಥವಾ ಗಟ್ಟಿ ಹಬ್. ಲೇತ್ ಸೌಲಭ್ಯವೇ ಇಲ್ಲದವರು ಬೆಲ್ಟನ್ನೋ, ಎರಡು ಬೋರಿನ ಸಿದ್ಧ ಕಪ್ಲಿಂಗನ್ನೋ ನೋಡಿ. ಹಣ ಕಡಿಮೆ ಇದ್ದರೆ ಕಪ್ಲಿಂಗ್‌ನ ಬಗೆಯಲ್ಲಿ ಉಳಿಸಿ, ಬೋರಿನ ಅಳತೆಯಲ್ಲಿ ಉಳಿಸಬೇಡಿ.

ಕೂರಿಸಿದ ಮೇಲೆ

ಪುಲ್ಲಿಯನ್ನು ಸುತ್ತಿಗೆಯಿಂದ ಬಡಿದು ಹಾಕಬೇಡಿ. ಹಾಕಲೇಬೇಕಾದರೆ ಶಾಫ್ಟಿನ ಹಿಂಬದಿ ತುದಿಗೆ ಆಧಾರ ಕೊಡಿ, ಇಲ್ಲದಿದ್ದರೆ ಪೆಟ್ಟು ಬೇರಿಂಗಿನ ಗುಂಡುಗಳಿಗೆ ಬೀಳುತ್ತದೆ. ಹೊರ ವ್ಯಾಸ ಒಂದೇ ಇರುವ ಎರಡು ಹಬ್ಬುಗಳ ಮೇಲೆ ನೇರ ಪಟ್ಟಿ ಇಟ್ಟು, ನಾಲ್ಕು ಕಡೆ ಫೀಲರ್ ಗೇಜ್ (ಸಂದು ಅಳೆಯುವ ತೆಳು ತಗಡು) ತೂರಿಸಿ ನೋಡಿ. ಸಂದಿನಲ್ಲಿ 0.3 ಹಾಯ್ದರೆ ಅಕ್ಷ ಅಷ್ಟು ಸರಿದಿದೆ. ಎರಡು ಮುಖಗಳ ನಡುವಿನ ಅಂತರ ಒಂದು ಕಡೆಗಿಂತ ಎದುರು ಕಡೆ ಅರ್ಧ ಮಿ.ಮೀ. ಹೆಚ್ಚಿದ್ದು, ಹಬ್ 30 ಮಿ.ಮೀ. ಇದ್ದರೆ ಬಾಗು ಸುಮಾರು 1 ಡಿಗ್ರಿ. ಮೋಟಾರಿನ ಕಾಲಡಿ ತೆಳು ತಗಡು ಕೊಟ್ಟು ಸರಿಪಡಿಸಿ. ಕೈಯಿಂದ ಒಂದು ಪೂರ್ತಿ ಸುತ್ತು ತಿರುಗಿಸಿ, ಎಲ್ಲೂ ಬಿಗಿ ಹಿಡಿಯಬಾರದು. ಒಂದು ಗಂಟೆ ಓಡಿಸಿ, ನಿಲ್ಲಿಸಿ, ಸ್ಕ್ರೂಗಳ ಬಿಗಿತ ನೋಡಿ. ಥ್ರೆಡ್‌ಲಾಕರ್ ಹಾಕಿ ಗಟ್ಟಿಯಾದವನ್ನು ಮಾತ್ರ ಕದಲಿಸಬೇಡಿ. ಕೈ, ಬಟ್ಟೆ ಸಿಗದಂತೆ ಮುಚ್ಚಳ ಹಾಕಿ.

ಮುಂದೆ ಏನಾದರೂ ಕೆಟ್ಟರೆ ಜೋಡಣೆಯೇ ಗುರುತು ಬಿಟ್ಟಿರುತ್ತದೆ. ಕಪ್ಲಿಂಗ್ ಕೆಳಗೆ ಕಪ್ಪು ಪುಡಿ ಬಿದ್ದಿದ್ದರೆ ಸ್ಪೈಡರ್ ಸವೆಯುತ್ತಿದೆ. ಹೊಸ ಸ್ಪೈಡರ್ ಹಾಕುವ ಮೊದಲು ಅಕ್ಷ ಸರಿಮಾಡಿ, ಇಲ್ಲದಿದ್ದರೆ ಅದೂ ಹಾಗೆಯೇ ಹೋಗುತ್ತದೆ. ಶಾಫ್ಟಿನ ಮೇಲೆ ಬಳೆಯಂತೆ ಗೀರು ಇದ್ದರೆ ಗ್ರಬ್ ಸ್ಕ್ರೂ ಜಾರಿದೆ, ಚಪ್ಪಟೆ ಜಾಗ ಮಾಡಬೇಕು. ಬೋರಿನ ಬಾಯಲ್ಲಿ ತುಕ್ಕಿನಂತಹ ಕೆಂಪು ಪುಡಿ ಕಂಡರೆ ಕೂರಿಕೆ ಸಡಿಲ, ಶಾಫ್ಟೂ ಬೋರೂ ಒಂದನ್ನೊಂದು ಉಜ್ಜುತ್ತಿವೆ. ಇಲ್ಲಿ ಎಷ್ಟು ಬಿಗಿದರೂ ಪ್ರಯೋಜನವಿಲ್ಲ. ಹಬ್ಬನ್ನು ಬಿಚ್ಚಿ ಶಾಫ್ಟನ್ನು ಮತ್ತೆ ಅಳೆದು, ಸವೆದ ಆ ಅಳತೆಗೆ ಹೊಸ ಹಬ್ಬಿನ ಬೋರ್ ಮಾಡಿಸಿ.